ವೀರನ ಹೊದಿಕೆ ಎಲ್ಲಿ ಹೋಯಿತು?

ಎಪ್ಪತ್ತರ ದಶಕದ ಕೊನೆಗೆ ನಾನು ಖಾನಾಪುರದ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತಿದ್ದೆ. ರವಿವಾರ ಬಂತೆಂದರೆ ಸಾಕು, ಬಸ್ಸು ಹತ್ತಿ ಬೆಳಗಾವಿಯ ಸದಾಶಿವನಗರಕ್ಕೆ ಓಡುತ್ತಿದ್ದೆ. ಅಲ್ಲಿದ್ದರು ನಮ್ಮಪ್ಪನ ಗೆಳೆಯರೊಬ್ಬರು. ಅವರನ್ನು ನಾನು ಕಾಕಾ ಎನ್ನುತ್ತಿದ್ದೆ. ಕುರಿ ಕಾಯುವ ಮನೆಯಲ್ಲಿ ಹುಟ್ಟಿ, ಬಣ್ಣದ ಹುಚ್ಚು ಹಿಡಿದು ಊರು ಬಿಟ್ಟವರು. ಮಡಚಿದ ಹಳೆಯ ಕಂಬಳಿಯ ಮೇಲೆ ಕೂತು, ಗಿಡ್ಡ ಡೆಸ್ಕಿಗೆ ಬಾಗಿ, ವಾರಪತ್ರಿಕೆಗೆ ಚಿತ್ರಕಥೆ ಬಿಡಿಸುತ್ತಿದ್ದರು. ಆ ಜಾಗದಲ್ಲಿ ಬೇರೆಯವರು ಕೂಡುವಂತಿರಲಿಲ್ಲ. ನನಗೆ ಕಿಟಕಿ ಬಳಿಯ ಕುರ್ಚಿ.

ಅವರ ನಾಯಕ ಮುಖವಾಡದ ವೀರ. ಬೆನ್ನ ಮೇಲೆ ಕರಿ ಹೊದಿಕೆ. ನಮ್ಮ ಶಾಲೆಯ ಹುಡುಗರು ಅಂಥದ್ದೇ ಬೇಕೆಂದು ಅವ್ವನ ಸೀರೆ ಹರಿದು ಪೆಟ್ಟು ತಿಂದದ್ದೂ ಉಂಟು. ಬೇರೆ ಪತ್ರಿಕೆಗಳ ವೀರರು ಕೂಡ ಬರಬರುತ್ತಾ ಕಾಕಾನ ವೀರನ ಹಾಗೆಯೇ ಕಾಲಗಲಿಸಿ ನಿಲ್ಲತೊಡಗಿದರು. ನಾನು ಸಿಟ್ಟಾದರೆ ಕಾಕಾ ನಗುತ್ತಿದ್ದರು. "ನಿಂದರಲಿ ಬಿಡ ತಂಗಿ, ಕಾಲು ಅವರವು."

ಆದರೆ ಒಂದು ಸಂಗತಿಯನ್ನು ಯಾರೂ ನಕಲು ಮಾಡಲಿಲ್ಲ. ಪ್ರತಿ ಕಥೆಯ ಕೊನೆಯ ಚಿತ್ರದಲ್ಲಿ ವೀರನ ಬೆನ್ನು ಬರಿದಾಗಿರುತ್ತಿತ್ತು. ಪಾರಾದವರು ನೆಲದಲ್ಲಿ ಕೂತಿರುತ್ತಿದ್ದರು, ಅವರ ಕೆಳಗೆ ಕಪ್ಪಗೆ ಏನೋ ಹರಡಿರುತ್ತಿತ್ತು. ಅದು ನೆರಳು ಎಂದೇ ನಾನು ತಿಳಿದಿದ್ದೆ. ಹಾಗಾದರೆ ಹೊದಿಕೆ ಎಲ್ಲಿ? ಕೇಳಿದರೆ ಕಾಕಾ ಮಾತು ಮರೆಸುತ್ತಿದ್ದರು.

ಅಷ್ಟರಲ್ಲಿ ಕಾಕಾನ ಕಣ್ಣು ಮಂಜಾಯಿತು. ಮುಂದೆ ಬಿಡಿಸುವವರು ಸಿಗದಿದ್ದರೆ ವೀರನ ಕಥೆ ಮುಗಿಸೋಣ ಎಂದು ಪತ್ರಿಕೆಯವರು ಹೇಳಿದ್ದರು. ಆ ವೀರ ನನಗೆ ಬೇಕಿತ್ತು. ಬೇಕೆಂದರೆ ಬೇಕೇ ಬೇಕು! ಒಂದು ಇಡೀ ಕಥೆ ಬಿಡಿಸಿ ಒಯ್ದೆ. ಕಾಕಾ ಮರೆತದ್ದನ್ನು ನಾನು ತಿದ್ದಿದೆ ಎಂಬ ಹೆಮ್ಮೆಯಲ್ಲಿ ಕೊನೆಯ ಚಿತ್ರದಲ್ಲೂ ಹೊದಿಕೆಯನ್ನು ಹಾರಾಡಿಸಿದ್ದೆ.

ಕಾಕಾ ಹಾಳೆಯನ್ನು ಕಿಟಕಿಯ ಬೆಳಕಿಗೆ, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು. "ಎಲ್ಲಾ ಐತಿ. ಅವನೊಬ್ಬ ಇಲ್ಲ."

"ಯಾಕ್ರೀ ಕಾಕಾ?"

"ನಾ ಹೇಳಿದ್ರ ಅದು ನಿಂದು ಆಗೂದಿಲ್ಲ."

ಮುಖ ಊದಿಸಿಕೊಂಡೇ ಊರಿಗೆ ಮರಳಿದೆ. ಅದೇ ವಾರ ಕೆಲಸದ ಮೇಲೆ ಹೋಗಿದ್ದಾಗ ಪಾರಿಶ್ವಾಡದ ಹತ್ತಿರ ಬಸ್ಸು ಕೆಟ್ಟು ನಿಂತಿತು. ಜಿಟಿಜಿಟಿ ಮಳೆ. ಇಳಿದು ಮರದಡಿ ಓಡಿದೆ. ಅಲ್ಲಿ ಒಬ್ಬ ಅಜ್ಜ ಕರಿ ಕಂಬಳಿ ಹೊದ್ದು ಕುರಿ ನಿಲ್ಲಿಸಿಕೊಂಡಿದ್ದ. ನನ್ನನ್ನು ನೋಡಿದ್ದೇ ತಡ, ಕಂಬಳಿ ತೆಗೆದು ಕೊಡವಿ ಒದ್ದೆ ಕಲ್ಲಿನ ಮೇಲೆ ಹಾಸಿದ.

"ಕುಂದರ್ರಿ ಬಾಯಾರ."

"ನೀವು ತೋಯಿಸ್ಕೋತೀರಲ್ರೀ ಅಜ್ಜಾರ!"

"ಬಂದವರನ್ನ ನಿಂದರಿಸಿ ನಾ ಹೊದ್ಕೊಂಡು ಕುಂದರ್ಲೇನ್ರಿ?"

ಕೂತೆ. ಕೆಳಗೆ ನೋಡಿದೆ. ನನ್ನ ಸುತ್ತ ಕಪ್ಪಗೆ ಹರಡಿತ್ತು, ಕಾಕಾನ ಕೊನೆಯ ಚಿತ್ರದಲ್ಲಿ ಇದ್ದ ಹಾಗೆಯೇ. ಕಾಕಾ ಕುರುಬರ ಮನೆಯವರೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೂ ಹೊಳೆದಿರಲಿಲ್ಲ. ಖುಷಿಗೆ ಆ ಅಜ್ಜನ ಎದುರೇ ಗಟ್ಟಿಯಾಗಿ ನಕ್ಕುಬಿಟ್ಟೆ. ಆತ ಕುರಿಗಳ ಕಡೆ ತಿರುಗಿದ.

ಮುಂದಿನ ರವಿವಾರ ಹೊಸ ಹಾಳೆ ಒಯ್ದೆ. ಮಳೆಯ ಮಬ್ಬಿನಲ್ಲಿ ಕಾಕಾ ಎಷ್ಟು ಹತ್ತಿರ ಹಿಡಿದರೂ ಗೆರೆ ಕಾಣಲಿಲ್ಲ. ಹಾಳೆ ಕೆಳಗಿಟ್ಟು ಕೇಳಿದರು.

"ಹೊದಿಕಿ ಎಲ್ಲಿ ಐತಿ?"

"ಪಾರಾದ ಮುದುಕಿಗೆ ಹಾಸಿ ಕೊಟ್ಟಾನ್ರಿ ಕಾಕಾ. ಆಕಿ ಅದರ ಮ್ಯಾಲ ಕುಂತಾಳ."

ಕಾಕಾ ಗೋಡೆ ಹಿಡಿದು ಎದ್ದರು. ತಾವು ಕೂತಿದ್ದ ಕಂಬಳಿಯನ್ನು ಎತ್ತಿ ಕೊಡವಿ, ಡೆಸ್ಕಿನ ಮುಂದೆ ಮತ್ತೆ ಹಾಸಿದರು.

"ಕುಂದರ ತಂಗಿ," ಎಂದರು.