ಷಡ್ಡಕನ ಕಾಟಾದಲ್ಲಿ ಕಿಲುಬು ತೊಳೆದ ದಿನ

ಷಡ್ಡಕನ ಫೋನು ಬಂದಾಗ ನಾನು ಎತ್ತಲಿಲ್ಲ. ಮತ್ತೆ ಬಂತು, ಆಗಲೂ ಎತ್ತಲಿಲ್ಲ. ಟೇಬಲ್ಲಿನ ಮೇಲೆ ಅದು ಗುರುಗುಟ್ಟುತ್ತ ಸರಿದಾಡುವುದನ್ನು ನೋಡುತ್ತ ಕುಳಿತಿದ್ದೆ. ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಅವನು ನನ್ನ ಹೆಂಡತಿಯ ಅಕ್ಕನ ಗಂಡ. ಮಾನ್ವಿಯಿಂದ ಪೋತ್ನಾಳದ ಕಡೆ ಹೋಗುವ ರಸ್ತೆಯಲ್ಲಿ ಅವನದೊಂದು ಕಾಟಾ ಇದೆ. ನೆಲ್ಲು, ಹತ್ತಿ ತುಂಬಿದ ಟ್ರ್ಯಾಕ್ಟರುಗಳನ್ನು ನಿಲ್ಲಿಸಿ ತೂಗುವ ಜಾಗ. ಅಲ್ಲೊಂದು ಹಳೆಯ ಕಂಪ್ಯೂಟರಿದೆ; ತೂಕ ಬರೆದು ಚೀಟಿ ಹೊಡೆಯುವುದು ಅದೇ. ಸುಗ್ಗಿಯ ನಡುವೆ ನನಗೆ ಫೋನು ಮಾಡುತ್ತಿದ್ದಾನೆಂದರೆ ಆ ಕಂಪ್ಯೂಟರು ಸತ್ತಿದೆ, ಉಳಿದವರೆಲ್ಲರೂ ಕೈಚೆಲ್ಲಿದ್ದಾರೆ ಎಂದೇ ಅರ್ಥ.

ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ರೇಡಿಯೋ ಬಿಚ್ಚಿ ಕಲಿತೆ, ಆಮೇಲೆ ಟಿವಿ, ಆಮೇಲೆ ಕಂಪ್ಯೂಟರು. ಕಿಲುಬು ಹತ್ತಿ ಸತ್ತಿತೆಂದು ಮೂಲೆಗೆ ಎಸೆದ ಬೋರ್ಡನ್ನು ತೊಳೆದು ಎಬ್ಬಿಸುವುದರಲ್ಲಿ ರಾಯಚೂರು, ಮಾನ್ವಿ, ಸಿಂಧನೂರು ಈ ಮೂರು ಊರುಗಳಲ್ಲಿ ನನ್ನ ಜೋಡಿ ಯಾರೂ ಇಲ್ಲ. ಇದನ್ನು ನಾನೇ ಹೇಳಿಕೊಳ್ಳುತ್ತೇನೆ. ದುಡಿದು ಗಳಿಸಿದ ಮಾತನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಅಂಗಡಿ ಮಾನ್ವಿ ಬಸ್ ನಿಲ್ದಾಣದ ಪಕ್ಕದಲ್ಲಿತ್ತು. ಷಡ್ಡಕನ ಕಂಪ್ಯೂಟರನ್ನು ಧೂಳು ತೆಗೆದು ಸರಿಮಾಡಿ ಕೊಟ್ಟಿದ್ದೆ. ಕೆಲವು ತಿಂಗಳ ಮೇಲೆ ಅದು ಮತ್ತೆ ನಿಧಾನವಾದಾಗ ಅವನು ಸಿಂಧನೂರಿನ ಯಾರಿಗೋ ತೋರಿಸಿದ. ಆ ರಿಪೇರಿಯವನು ಒಳಗೆ ನೋಡಿ, ಇದರ ಮೆಮೊರಿ ಪಟ್ಟಿ ಮೂಲದ್ದಲ್ಲ, ಯಾರೋ ಬದಲಿಸಿದ್ದಾರೆ ಎಂದನಂತೆ. ನಾನು ಏನನ್ನೂ ಬದಲಿಸಿರಲಿಲ್ಲ; ಷಡ್ಡಕ ನನ್ನನ್ನು ಒಂದು ಮಾತು ಕೇಳಲಿಲ್ಲ. ದೇವದುರ್ಗದ ಮಾವನ ಮನೆಯಲ್ಲಿ ತೊಟ್ಟಿಲ ಕಾರ್ಯ ಇತ್ತು. ಊಟದ ಪಂಕ್ತಿಯಲ್ಲಿ, ಎಲ್ಲರೂ ಕೇಳುವ ಹಾಗೆ ಹೇಳಿದ: "ನಮ್ಮ ತಮ್ಮನ ಕೈಯಾಗ ಮಷೀನು ಕೊಟ್ರ ಅರ್ಧಾ ವಾಪಸ್ ಬರ್ತದ ನೋಡ್ರಿ."

ಎಲ್ಲರೂ ನಕ್ಕರು. ಚೇಷ್ಟೆ ಎಂದುಕೊಂಡು ನಾನೂ ನಕ್ಕೆ. ಮಧ್ಯಾಹ್ನ ಫೋನು ಚಾರ್ಜಿಗೆ ಹಾಕಲು ಒಳಕೋಣೆಗೆ ಹೋದೆ. ಅತ್ತೆ ಎದ್ದು ಬಂದು, ನನ್ನ ಮುಖ ನೋಡದೆ, ಅಲ್ಮಾರಿಗೆ ಕೀಲಿ ಹಾಕಿಕೊಂಡು ಹೋದಳು. ಅವನ ಮಾತು ಚೇಷ್ಟೆಯಾಗಿರಲಿಲ್ಲ ಎಂದು ಆಗ ತಿಳಿಯಿತು.

ಮಾತು ಮಾನ್ವಿಗೆ ನನಗಿಂತ ಮೊದಲೇ ಹೋಗಿತ್ತು. ಗಿರಾಕಿಗಳು ಸಾಮಾನಿನ ಮೇಲೆ ಮೊಳೆಯಿಂದ ಗೀರಿ ತಮ್ಮ ಗುರುತು ಮಾಡಿ ತರತೊಡಗಿದರು. ಆಮೇಲೆ ಅದನ್ನೂ ನಿಲ್ಲಿಸಿದರು, ಬರುವುದನ್ನೇ ನಿಲ್ಲಿಸಿದರು. ಅಂಗಡಿ ಎತ್ತಿ ರಾಯಚೂರಿಗೆ ಬಂದೆ. ಸ್ಟೇಷನ್ ರಸ್ತೆಯ ಹಿಂದೆ ಒಂದು ಮಳಿಗೆ ಹಿಡಿದು ಮೊದಲಿನಿಂದ ಹೆಸರು ಕಟ್ಟಿದೆ. ಬಸ್ಸು ಮಾನ್ವಿಯ ಮೇಲೆ ಹೋಗುವಾಗ ಮಾತ್ರ ಕಿಟಕಿಯ ಕಡೆ ನೋಡುತ್ತಿರಲಿಲ್ಲ.

ಫೋನು ಎತ್ತದಿದ್ದಾಗ ಷಡ್ಡಕನೇ ಬಂದ. ಕಂಪ್ಯೂಟರಿನ ಡಬ್ಬಿಯನ್ನು ಟವೆಲ್ಲಿನಲ್ಲಿ ಸುತ್ತಿ, ಎದೆಗೆ ಅವಚಿಕೊಂಡು, ಬೆವರುತ್ತ ಮೆಟ್ಟಿಲು ಹತ್ತಿದ.

"ತಮ್ಮಾ, ಆರಾಮದೀಯಾ?"

"ಬರ್ರಿ ಸಾವ್ಕಾರ್ರ. ಏನ್ ಬೇಕಾಗಿತ್ತು?"

ಮೊದಲೆಲ್ಲ ಅವನನ್ನು ಅಣ್ಣಾ ಎನ್ನುತ್ತಿದ್ದೆ. ಅವನ ಮುಖ ಇಳಿಯಿತು. "ಹಂಗ್ಯಾಕ ಅಂತಿ?"

"ಗಿರಾಕಿಗೆ ಮತ್ತೇನನ್ನಬೇಕ್ರಿ?"

ಮುಚ್ಚಳ ಬಿಚ್ಚಿದೆ. ಬೋರ್ಡಿನ ಮೇಲಿದ್ದ ಹಳೆಯ ಬ್ಯಾಟರಿ ಸೋರಿ, ಸುತ್ತ ಹಸಿರು ಬಿಳಿ ಕಿಲುಬು ಹೊಪ್ಪಳೆಗಟ್ಟಿತ್ತು. ತಾಮ್ರದ ಗೆರೆಗಳನ್ನು ತಿಂದು ಒಳಗೊಳಗೇ ಸರಿದಿತ್ತು. ಅದು ಸಾಲದೆಂಬಂತೆ ಯಾರೋ ಬ್ಲೇಡಿನಿಂದ ಕೆರೆದಿದ್ದರು.

"ಕೆರದಾಂವ ಯಾರು?"

"ಸಿಂಧನೂರಾಂವ."

"ಭಾಳ ಶ್ಯಾಣ್ಯಾ ಇದ್ದಂಗದಾನ. ಮೆಮೊರಿ ಮೂಲದ್ದಲ್ಲ ಅಂದಾಂವ ಇವನ ಅಲ್ಲೇನ್ರಿ?"

ಅವನು ಟವೆಲ್ಲು ಮಡಿಸತೊಡಗಿದ. ಹೊಸ ಕಂಪ್ಯೂಟರು ತರುವ ಹಾಗಿರಲಿಲ್ಲ. ಕಾಟಾದ ಜೊತೆ ಮಾತಾಡುವ ಕಾರ್ಡು ಈ ಹಳೆಯ ಬೋರ್ಡಿನಲ್ಲಿ ಮಾತ್ರ ಕೂರುತ್ತದೆ. ಅದನ್ನು ಮಾಡಿಕೊಟ್ಟವರು ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿದೆ. ನಾನು ಮುಚ್ಚಳ ಹಾಕಿ ಡಬ್ಬಿಯನ್ನು ಅವನ ಕಡೆ ಸರಿಸಿದೆ.

"ಇಲ್ಲಿ ಮಾಡಂಗಿಲ್ಲರೀ. ನಿಮ್ಮ ಕಾಟಾದಾಗ ಮಾಡ್ತೀನಿ. ಹಗಲೊತ್ತು, ಬಯಲಾಗ. ಡ್ರೈವರ್‌ಗಳು ಹಮಾಲರು ಎಲ್ಲಾರೂ ನೋಡಬೇಕು. ನಾ ಬಿಚ್ಚಿದ್ದು ಒಂದೊಂದೂ ನೀವ ಹಿಡಕೊಂಡು ಕುಂದ್ರಬೇಕು."

"ಹಳೇ ಮಾತು ಬಿಡೋ ತಮ್ಮಾ."

"ಆಡಿದವರಿಗೆ ಹಳೇದು."

ಒಂದೇ ಬಸ್ಸಿನಲ್ಲಿ ಹೋದೆವು, ಬೇರೆ ಬೇರೆ ಸೀಟಿನಲ್ಲಿ. ಕಲ್ಮಲ ದಾಟುವಾಗ ಒಂದು ಯೋಚನೆ ಬಂತು. ಎಲ್ಲ ತೊಳೆದು, ಕಾರ್ಡು ಕೂರುವ ಸಂದಿಯ ಕೆಳಗೆ ಒಂದಿಷ್ಟು ಕಿಲುಬು ಬಿಟ್ಟರೆ? ಯಾರ ಕಣ್ಣಿಗೂ ಬೀಳುವುದಿಲ್ಲ. ಅಲ್ಲೇ ಕುಳಿತು ಮೆಲ್ಲಗೆ ತಿನ್ನುತ್ತದೆ. ಮುಂದಿನ ಸುಗ್ಗಿಗೆ, ಟ್ರ್ಯಾಕ್ಟರುಗಳ ಸಾಲು ರಸ್ತೆಯವರೆಗೆ ನಿಂತಾಗ, ಚೀಟಿ ಬರುವುದು ನಿಲ್ಲುತ್ತದೆ. ಈ ಯೋಚನೆಯನ್ನು ಉಳಿದ ದಾರಿಯುದ್ದಕ್ಕೂ ಬೆಲ್ಲದಂತೆ ಬಾಯಲ್ಲಿಟ್ಟುಕೊಂಡು ಚೀಪಿದೆ. ಮಾನ್ವಿ ಹತ್ತಿರ ಬಂದಾಗ ಉಗುಳಿದೆ. ದಯೆಯಿಂದಲ್ಲ. ಹಾಗೆ ಮಾಡಿದರೆ ಅವನು ಆಡಿದ್ದು ನಿಜವಾಗುತ್ತದೆ. ನನಗೆ ಅವನನ್ನು ಸುಳ್ಳುಗಾರನಾಗಿಯೇ ಉಳಿಸಬೇಕಿತ್ತು.

ಕಾಟಾದ ಮುಂದೆ ಬೇವಿನ ಗಿಡದ ಕೆಳಗೆ ಮಂಚ ಹಾಕಿಸಿದೆ. ರಸ್ತೆಯ ಬದಿಗೆ ಯಾರದೋ ನೆಲ್ಲು ಒಣಗಲು ಹರವಿತ್ತು. ತೂಕಕ್ಕೆ ಕಾದ ಟ್ರ್ಯಾಕ್ಟರಿನವರು ಸುತ್ತ ನೆರೆದರು. ಷಡ್ಡಕನನ್ನು ಎದುರಿಗೆ ಕೂರಿಸಿ ತೊಡೆಯ ಮೇಲೆ ಸ್ಟೀಲಿನ ತಾಟು ಇಟ್ಟೆ. ಸ್ಕ್ರೂ ಬಿಚ್ಚಿ ತಾಟಿಗೆ ಹಾಕಿದೆ. ಫ್ಯಾನು ಹಾಕಿದೆ. ಕಾರ್ಡು ಹಾಕಿದೆ. ಒಂದೊಂದಕ್ಕೂ ಜೋರಾಗಿ ಕೇಳಿದೆ, "ಬಂತೇನ್ರಿ ಸಾವ್ಕಾರ್ರ?" ಅವನು ಪ್ರತಿಸಲ "ಬಂತು" ಅನ್ನಬೇಕು.

ಒಬ್ಬ ಹಮಾಲ ಬೀಡಿ ಹಚ್ಚುತ್ತ ಅಂದ, "ಸಾವ್ಕಾರ್ರಿಗೆ ಉಡಿ ತುಂಬಾಕತ್ತಾರಲೇ. ಯಾರರ ಒಂದು ಕುಬಸ ತರ್ರಿ."

ನಗೆ ಹರಡಿತು. ಷಡ್ಡಕನ ಕಿವಿ ಕೆಂಪಾದವು. ನಾನು ನಗಲಿಲ್ಲ, ಮೆಮೊರಿ ಪಟ್ಟಿ ಎಳೆದು ಅವನ ಕೈಗೇ ಕೊಟ್ಟೆ. "ಇದನ್ನ ಚಂದಂಗ ಹಿಡೀರಿ. ಇದು ಹೋದ್ರ ಮನಿ ಮಂದಿಗೆಲ್ಲ ಹೇಳಬೇಕಾಗ್ತದ."

ಸೋರಿದ ಬ್ಯಾಟರಿಯನ್ನು ಕಿತ್ತು ದೂರವಿಟ್ಟೆ. ಈ ಬ್ಯಾಟರಿಯ ಕಿಲುಬಿಗೆ ಹುಳಿಯೇ ಮದ್ದು. ವಿನೆಗರ್ ಹನಿಸಿದರೆ ಸಣ್ಣಗೆ ನೊರೆಯುತ್ತದೆ, ನೊರೆ ಅಡಗುವ ತನಕ ಮೆತ್ತನೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಬೇಕು. ಬ್ಲೇಡು ಹಾಕಿದರೆ ಕಿಲುಬಿನ ಜೊತೆ ಗೆರೆಯೂ ಎದ್ದು ಬರುತ್ತದೆ. ಆಮೇಲೆ ಹುಳಿ ಉಳಿಯದ ಹಾಗೆ ಬ್ಯಾಟರಿ ಅಂಗಡಿಯ ಶುದ್ಧ ನೀರು, ಕೊನೆಗೆ ಸ್ಪಿರಿಟ್. ಕಾರ್ಡು ಕೂರುವ ಸಂದಿಯ ಕೆಳಗೆ ಬ್ರಶ್ಶು ಹೋಗದಲ್ಲಿ ಹತ್ತಿ ಸುತ್ತಿದ ಕಡ್ಡಿ ತೂರಿಸಿದೆ. ಹತ್ತಿ ಬೆಳ್ಳಗೇ ಹೊರಗೆ ಬರುವವರೆಗೆ ಬಿಡಲಿಲ್ಲ. ಅಷ್ಟು ಮುತುವರ್ಜಿಯಿಂದ ನನ್ನ ಸ್ವಂತ ಬೋರ್ಡನ್ನೂ ತೊಳೆದಿರಲಿಕ್ಕಿಲ್ಲ. ಸಿಟ್ಟಿನಲ್ಲಿ ಕೈ ಎಷ್ಟು ನೆಟ್ಟಗೆ ನಡೆಯುತ್ತದೆಂದು ಅಂದು ಕಂಡೆ.

ತೆಳು ಬಟ್ಟೆ ಮುಚ್ಚಿ ಬೋರ್ಡನ್ನು ಬಿಸಿಲಿಗಿಟ್ಟೆ.

"ನೆಲ್ಲಿನ ಸಂಗಟ ಇದನ್ನೂ ಒಣಗಾಕ ಹಾಕಿದ್ರಿ. ಮಧ್ಯಾಹ್ನ ಇದನ್ನೂ ಕಾಲಾಡಸಿ ತಿರುವೋದೇನು?" ಎಂದ ಒಬ್ಬ ಡ್ರೈವರ್.

"ಕಾಲಾಡಸಾಕ ಸಾವ್ಕಾರ್ರು ಅದಾರ," ಎಂದೆ.

ಒಣಗಿದ ಮೇಲೆ, ಕಿಲುಬು ತಿಂದ ಗೆರೆಗಳ ಜಾಗಕ್ಕೆ ಕೂದಲಿನಷ್ಟು ಸಣ್ಣ ತಂತಿ ಬೆಸೆದೆ. ಹೊಸ ಬ್ಯಾಟರಿಯನ್ನು ಬೋರ್ಡಿನಿಂದ ದೂರ, ವಾಯರಿನ ತುದಿಗೆ ಕಟ್ಟಿದೆ; ಇನ್ನು ಸೋರಿದರೂ ಬೋರ್ಡಿಗೆ ಮುಟ್ಟದು. ತಾಟಿನಿಂದ ಒಂದೊಂದೇ ಸಾಮಾನು ಕೇಳಿ ತೆಗೆದುಕೊಂಡೆ. "ಕೊಟ್ರೇನು?" "ಕೊಟ್ಟೆ." ಕೊನೆಗೆ ತಾಟು ಖಾಲಿಯಾಯಿತು. ಅದನ್ನು ಎತ್ತಿ ಎಲ್ಲರಿಗೂ ತೋರಿಸಿದೆ. ಕಂಪ್ಯೂಟರು ಹೊತ್ತಿಕೊಂಡಿತು, ಪ್ರಿಂಟರು ಕಿರುಗುಟ್ಟಿತು. ಷಡ್ಡಕ ಏಳಲು ಹೋದ.

"ಕುಂದ್ರಿ," ಎಂದೆ. "ನನ್ನ ಕೂಲಿ ಬಾಯಿಲೆ ಕೊಡ್ರಿ."

ಅವನಿಗೆ ಅರ್ಥವಾಯಿತು. ಒಳಗೊಳಗೇ ಏನೋ ಅಂದ. "ಟ್ರ್ಯಾಕ್ಟರ್ ಬಂದ್ ಮಾಡ್ರಪಾ, ಸಾವ್ಕಾರ್ರ ಮಾತು ಕೇಳವಲ್ದು," ಎಂದು ಕೂಗಿದೆ. ಒಂದೊಂದಾಗಿ ಇಂಜಿನ್ನುಗಳು ನಿಂತವು. ಅಷ್ಟು ಮಂದಿಯ ನಡುವೆ ಅವನು ಎದ್ದು ನಿಂತು ಹೇಳಿದ: "ಇಂವ ನನ್ನ ಸಾಮಾನು ತಗೊಂಡಿಲ್ಲ. ನೋಡಲಾರದ, ಕೇಳಲಾರದ ನಾನ ಅಂದಿದ್ದೆ. ತಪ್ಪಾತು."

ವರ್ಷಗಟ್ಟಲೆ ಕಾದ ಮಾತು. ಅದರ ಹಿಂದೆಯೇ ಮುಂದಿನ ಟ್ರ್ಯಾಕ್ಟರಿನ ಡ್ರೈವರ್ ಕೇಳಿದ, "ಆಯ್ತಲ್ಲ ಭಾಯ್, ಇನ್ನ ನಮ್ಮ ಲೋಡ್ ತೂಗ್ತೀರೇನು?" ಇಂಜಿನ್ನುಗಳು ಮತ್ತೆ ಗುಡುಗಿದವು. ಮಂದಿ ಚದುರಿದರು.

ಹೆಂಡತಿಯ ಅಕ್ಕ ರೊಟ್ಟಿಯ ಬುತ್ತಿ ಹಿಡಿದು ಕಾಟಾದ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಕಣ್ಣು ಬಾತಿದ್ದವು. "ಆತಲ್ಲಪಾ, ಇನ್ನರ ಉಣ್ಣು."

"ಇವ್ರು ದೇವದುರ್ಗದಾಗ ಇದ ಮಾತು ಅಂದ ದಿನ ಉಣ್ತೀನಿ ಅಕ್ಕಾ. ಅಲ್ಲೇ ಸುರು ಆಗಿತ್ತು."

ಷಡ್ಡಕ ತಲೆಯೆತ್ತಿ ನನ್ನನ್ನು ನೋಡಿದ. ಅದೊಂದನ್ನು ಮಾತ್ರ ಅವನಿಂದ ಆಗದು ಎಂದು ಇಬ್ಬರಿಗೂ ಗೊತ್ತಿತ್ತು. ಡ್ರೈವರ್‌ಗಳ ಮುಂದೆ ಹೇಳುವುದು ಬೇರೆ, ಅತ್ತೆಯ ಮುಂದೆ ಹೇಳುವುದು ಬೇರೆ. ನಾನು ಉಣ್ಣದೆ ಬಸ್ಸು ಹತ್ತಿದೆ. ಹೆಂಡತಿ ನನ್ನ ಜೊತೆ ಎಷ್ಟೋ ದಿನ ನೆಟ್ಟಗೆ ಮಾತಾಡಲಿಲ್ಲ. ಅದನ್ನೂ ತಡೆದುಕೊಂಡೆ.

ಈಗ ಹಬ್ಬಕ್ಕೆ, ಕಾರ್ಯಕ್ಕೆ ದೇವದುರ್ಗಕ್ಕೆ ನಾನು ತಪ್ಪದೆ ಹೋಗುತ್ತೇನೆ. ನಾನು ಬರುತ್ತೇನೆಂದು ಗೊತ್ತಾದರೆ ಷಡ್ಡಕ ಬರುವುದಿಲ್ಲ. ಹೋದ ಸಲ ಅತ್ತೆ ಹೋಳಿಗೆ ಬಡಿಸುತ್ತ ಕೇಳಿದಳು, "ದೊಡ್ಡಳಿಯ ಯಾಕೋ ಬರವಲ್ಲ. ನಿನಗೇನರ ಗೊತ್ತದೇನಪಾ?"

ಹೇಳಬಹುದಿತ್ತು. ಅದು ಅವನ ಬಾಯಿಂದ ಬರಬೇಕಾದ ಮಾತು, ನನ್ನ ಬಾಯಿಂದಲ್ಲ.

"ಕಾಟಾದಾಗ ಕೆಲಸ ಭಾಳ ಅಂತ್ರಿ, ಅತ್ತಿ," ಎಂದು ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.