ಹಾಸು ದಾಟಿದ ದೊಡ್ಡವ್ವ

ಬಿ.ಎಸ್ಸಿ. ಓದುವ ನನ್ನ ಮಗಳು ಮೊನ್ನೆ ಊಟದ ಹೊತ್ತಿಗೆ ಪ್ರಾಣಿಶಾಸ್ತ್ರದ ಪುಸ್ತಕ ಬಿಚ್ಚಿಕೊಂಡು ಕೂತಳು. “ಅಪ್ಪಾ, ಸಾಲ್ಟಟೋರಿಯಲ್ ಅಂದ್ರ ಏನು ಹೇಳ್ರಿ ನೋಡೋಣು?” ನನಗೆ ಗೊತ್ತಿಲ್ಲವೆಂದು ತಿಳಿದೇ ಕೇಳಿದ್ದಳು. ಆಮೇಲೆ ತಾನೇ ಓದಿ ಹೇಳಿದಳು: ಜಿಗಿಯಲಿಕ್ಕೆಂದೇ ಮೈ ಹೊಂದಿಸಿಕೊಂಡ ಪ್ರಾಣಿ. ಹಿಂಗಾಲು ಉದ್ದ, ತೊಡೆ ಗಟ್ಟಿ. ಕಪ್ಪೆ, ಮೊಲ, ಮಿಡತೆ, ಕಾಂಗರೂ. ನಾನು ರೊಟ್ಟಿ ಮುರಿಯುತ್ತ, ಇಳಕಲ್ಲಿನ ನಮ್ಮ ದೊಡ್ಡವ್ವನನ್ನೂ ಮನಸ್ಸಿನಲ್ಲೇ ಆ ಸಾಲಿಗೆ ಸೇರಿಸಿದೆ.

ದೊಡ್ಡವ್ವನಲ್ಲಿ ಈ ಲಕ್ಷಣ ಒಂದೂ ಇರಲಿಲ್ಲ. ಕುಳ್ಳಗೆ, ದಪ್ಪಗೆ ಇದ್ದಳು. ನಡೆದು ಬಂದರೆ ಓಣಿಯೇ ಪಕ್ಕಕ್ಕೆ ಸರಿಯುತ್ತಿತ್ತು. ಮಗ್ಗದ ಕೆಳಗೆ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಮಾತ್ರ ರಾಣಿ. ಅವಳು ನೇಯ್ದ ಸೆರಗು ನೋಡಲು ಕಮತಗಿಯಿಂದಲೂ ಜನ ಬರುತ್ತಿದ್ದರೆಂದು ಅವಳೇ ಹೇಳುತ್ತಿದ್ದಳು.

ನೇಕಾರರ ಓಣಿಯ ಒಂದು ಕಾನೂನು ನಿಮಗೆ ಹೇಳಬೇಕು. ಸೀರೆಯ ಉದ್ದನೆಯ ಎಳೆಗಳನ್ನು ಮುಂಜಾನೆ ಓಣಿಯುದ್ದಕ್ಕೂ ಬಿಗಿದು ಕಟ್ಟಿ ಗಂಜಿ ಹಚ್ಚುತ್ತಾರೆ. ಅದೇ ಹಾಸು. ಅದನ್ನು ದಾಟುವಂತಿಲ್ಲ, ಸುತ್ತಿಕೊಂಡು ಹೋಗಬೇಕು, ಇಲ್ಲವೇ ಬಗ್ಗಿ ನುಸುಳಬೇಕು. “ಅನ್ನ ಕೊಡೂದನ್ನ ದಾಟ್ತಿಯೇನಲೇ, ಮಂಗ್ಯಾನ ಮಗನ!” ಎಂದು ದೊಡ್ಡವ್ವ ಕೂಗಿದರೆ ಸಂಬಂಧವಿಲ್ಲದ ನಾಯಿಯೂ ಬಾಲ ಮುದುರಿಕೊಳ್ಳುತ್ತಿತ್ತು.

ಅಂಥದೊಂದು ಮುಂಜಾನೆ ಹಾಸಿನ ಆ ಕಡೆ ಒಲೆಯ ಮೇಲೆ ಗಂಜಿ ಕುದಿಯುತ್ತಿತ್ತು. ಮೂರು ವರ್ಷದ ನಾನು ಅದರ ಕಡೆ ಹೊರಟಿದ್ದೆ. ನನಗೇನೂ ನೆನಪಿಲ್ಲ, ಓಣಿಯವರೆಲ್ಲ ನನ್ನ ಪರವಾಗಿ ನೆನಪಿಟ್ಟುಕೊಂಡಿದ್ದಾರೆ. ಈ ಕಡೆಯಿದ್ದ ದೊಡ್ಡವ್ವ ಸುತ್ತಲಿಲ್ಲ, ಬಗ್ಗಲಿಲ್ಲ. ಸೀರೆ ಮೊಣಕಾಲಿಗೆತ್ತಿ ಜಿಗಿದಳು. ಪಾತ್ರೆಗೆ ಚಾಚಿದ್ದ ನನ್ನ ಕೈ ಹಿಡಿದೆಳೆದು ನನ್ನ ಸಮೇತ ಬಿದ್ದಳು. ಹಾಸಿನ ಒಂದೆಳೆಯೂ ಹರಿಯಲಿಲ್ಲವಂತೆ. ಅವಳ ಮೊಣಕಾಲು ಮಾತ್ರ ಕೆಟ್ಟಿತು. ಬಿದ್ದಲ್ಲಿಂದಲೇ ಹಾಸು ಮುಟ್ಟಿ ಕಣ್ಣಿಗೊತ್ತಿಕೊಂಡು, ಆಮೇಲೆ ನನಗೆರಡು ಬಾರಿಸಿದಳಂತೆ.

ಆ ಕಾಲು ಮತ್ತೆ ಕುಣಿಗೆ ಇಳಿಯಲಿಲ್ಲ. ಮಗ್ಗ ದೊಡ್ಡಪ್ಪನ ಪಾಲಾಯಿತು. ದೊಡ್ಡವ್ವ ರಾಟಿಯ ಮುಂದೆ ಕೂತು ನೂಲು ಸುತ್ತುತ್ತ ಉಳಿದಳು. ಮಗಳ ಪುಸ್ತಕದಲ್ಲಿ ಜಿಗಿಯುವುದರ ಬಗ್ಗೆ ಎಲ್ಲ ಇದೆ, ಬೀಳುವುದರ ಬಗ್ಗೆ ಏನೂ ಇಲ್ಲ.

ಮಗಳು ಅದನ್ನು ಓದಿ ಹೇಳಿದ ಮರುದಿನ ಬಾಗಲಕೋಟೆಯಲ್ಲಿ ಬಸ್ಸು ಹತ್ತಿ ಇಳಕಲ್ಲಿಗೆ ಹೋದೆ. ದೊಡ್ಡವ್ವ ಹೊರಸಿನ ಮೇಲೆ ಕಾಲು ಚಾಚಿ ಕೂತಿದ್ದಳು. ಇಷ್ಟು ವರ್ಷ ಕೇಳಲು ಧೈರ್ಯವಾಗದ್ದನ್ನು ಕೇಳಿದೆ.

“ದೊಡ್ಡವ್ವಾ, ನನ್ನ ಸಲುವಾಗಿ ಮಗ್ಗ ಬಿಟ್ಟಿ. ಸಿಟ್ಟು ಬರಲಿಲ್ಲೇನು?”

“ಬಂದಿತ್ತಲ್ಲ. ಭಾಳ ಬಂದಿತ್ತು.”

ನಾನು ಅವಳ ಮೊಣಕಾಲು ಒತ್ತುತ್ತ ಕೂತೆ. ದೊಡ್ಡವ್ವ ಗದರಿದಳು:

“ಜೋರ ಒತ್ತಲೇ. ನಿನ್ನ ಕೈಗೇನೂ ಆಗಿಲ್ಲ.”