ಟೈಪಿಸ್ಟ್ ಅಕ್ಕನ ಚಪ್ಪಾಳೆ

ಟೈಪಿಸ್ಟ್ ಅಕ್ಕನಿಗೆ ಕಣ್ಣು ಕಾಣಿಸುವುದಿಲ್ಲ. ಪರದೆಯ ಮೇಲಿನದನ್ನೆಲ್ಲ ಲ್ಯಾಪ್‌ಟಾಪೇ ಓದಿ ಹೇಳುತ್ತದೆ. ಹೊಸತೆಂದರೆ ಬಾಯಿ ಬಿಡುವ ತಮ್ಮ ಅದಕ್ಕೆ ದಿನವೂ ಅಪ್‌ಡೇಟ್ ಆಗಿ ಬದಲಾಗುವ ಆಪರೇಟಿಂಗ್ ಸಿಸ್ಟಂ ಹಾಕಿಕೊಟ್ಟಿದ್ದ.

ಒಂದು ಬೆಳಿಗ್ಗೆ ಅಪ್‌ಡೇಟ್ ಮುಗಿದ ಮೇಲೆ ಲ್ಯಾಪ್‌ಟಾಪ್ ತುಟಿಪಿಟಕ್ಕೆನ್ನಲಿಲ್ಲ. ಅಕ್ಕ ಮುಟ್ಟಿ ನೋಡಿದರೆ ಬೆಚ್ಚಗಿತ್ತು, ಅಂದರೆ ಅದು ಚಾಲೂ ಇದೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ಒಂದು ಸದ್ದೂ ಇರಲಿಲ್ಲ. ಹಾಗಾದರೆ ಕಿವಿಯೂ ಹೋಯಿತೇ? ಚಪ್ಪಾಳೆ ತಟ್ಟಿದಳು. ಕೇಳಿಸಿತು. ಕೆಟ್ಟಿದ್ದು ಲ್ಯಾಪ್‌ಟಾಪ್, ಕಿವಿಯಲ್ಲ.

ಸಂಜೆ ತಮ್ಮ ಬಂದು, "ಪದೇ ಪದೇ ಬದಲಾಗದ ಸ್ಟೇಬಲ್ ಸಿಸ್ಟಂ ಹಾಕ್ತೀನಿ ಅಕ್ಕ. ಎರಡು ವರ್ಷ ಅಲ್ಲಾಡಲ್ಲ. ಧ್ವನಿ ಮಾತ್ರ ಹಳೇದು, ಗೊಗ್ಗರು," ಎಂದ.

"ಗೊಗ್ಗರಾಗೇ ಇರ್ಲಿ. ನಾಳೆ ಬೆಳಿಗ್ಗೆನೂ ಇರ್ಬೇಕು, ಅಷ್ಟೆ."

ಅಂದಿನಿಂದ ಅದು ಒಂದು ದಿನವೂ ಕೈಕೊಟ್ಟಿಲ್ಲ. ಆದರೂ ಸ್ವಿಚ್ ಒತ್ತುವ ಮುಂಚೆ ಅಕ್ಕ ಒಂದು ಚಪ್ಪಾಳೆ ತಟ್ಟುತ್ತಾಳೆ.